ಒಳಗಿನ ಕಿಸೆ

ಸಿಂದಗಿಯಲ್ಲಿ ಹೆಂಗಸರ ಜಂಪರು ಹೊಲಿಯುತ್ತಲೇ ನನ್ನ ತಲೆಗೂದಲು ಬೆಳ್ಳಗಾದವು. ಎದುರಿಗೆ ಬಂದು ನಿಂತವಳ ಎದೆಯಳತೆಯನ್ನು ಟೇಪು ಹಿಡಿಯುವ ಮೊದಲೇ ಹೇಳಬಲ್ಲೆ ಎಂಬ ಜಂಬವೂ ನನಗಿದೆ. ಬಸವನ ಬಾಗೇವಾಡಿಯಲ್ಲಿ ನರ್ಸಾಗಿರುವ ತಂಗಿಯ ಕಾಟ ತಾಳಲಾರದೆ ಹೋದ ವರ್ಷ ವಿಜಯಪುರದ ಆಸ್ಪತ್ರೆಗೆ ಹೋಗಿ ಮೊದಲ ಸಲ ಮ್ಯಾಮೊಗ್ರಾಂ ಮಾಡಿಸಿದೆ. ಆ ಯಂತ್ರ ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಹಿಡಿಯಿತು. ಯಂತ್ರಕ್ಕೂ ತಂಗಿಗೂ ಸೇರಿಸಿ ಬೈದುಕೊಂಡೇ ಮನೆಗೆ ಬಂದೆ.

ಎರಡು ದಿನಕ್ಕೆ ಆಸ್ಪತ್ರೆಯಿಂದ ಫೋನು ಬಂತು.

"ಬಲಗಡೆ ಒಂದು ಬಿಳಿ ಚುಕ್ಕಿ ಕಾಣಾಕತ್ತೈತ್ರಿ. ಬರೂ ಸೋಮವಾರ ಬರ್ರಿ, ಇನ್ನೊಂದು ಫೋಟೋ ತಗದು ಸ್ಕ್ಯಾನಿಂಗ್ ಮಾಡಬೇಕು. ಗಾಬರಿ ಆಗಬ್ಯಾಡ್ರಿ."

ಗಾಬರಿಯಾಗಬೇಡಿ ಎಂದರೆ ಸಾಕು, ನನಗೆ ಅಲ್ಲಿಂದಲೇ ಗಾಬರಿ ಶುರು. ತಂಗಿಗೆ ಫೋನು ಮಾಡಿದರೆ, "ಮೊದಲನೇ ಸಲ ಹಿಂಗ ಕರೀತಾರಕ್ಕಾ. ಹೋಲಿಸಿ ನೋಡಾಕ ಹಳೇ ಫೋಟೋ ಇರೂದಿಲ್ಲಲಾ" ಎಂದಳು.

"ಹಂಗಾದ್ರ ಎರಡನೇ ಸಲದಿಂದನ ಶುರು ಮಾಡಬೇಕಿತ್ತು" ಎಂದು ರೇಗಿ ಫೋನಿಟ್ಟೆ.

ನಮ್ಮ ಮನೆಯವರು ಮಾತಿನವರಲ್ಲ. ಆ ವಾರ ಅವರು ದಿನಾ ಬೆಳಿಗ್ಗೆ ನನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟರು. ಮೂರನೆಯ ದಿನ ಯಾರದೋ ಹಸಿರು ರೇಷ್ಮೆಗೆ ಎಣ್ಣೆ ಕಲೆಯಾಯಿತು. ನಾನು ಕೂಗಾಡಿದೆ, ಅವರು ಚಹಾ ಮಾಡಿಕೊಟ್ಟರು. ಇಬ್ಬರದೂ ಒಂದೇ ಹೆದರಿಕೆ ಎಂದು ಇಬ್ಬರಿಗೂ ಗೊತ್ತಿತ್ತು.

ದೇವರ ಹಿಪ್ಪರಗಿಯ ಸಂತೆಯಲ್ಲಿ ಬಳೆ ಅಂಗಡಿ ಇಡುವ ಆಪಾ ನನ್ನ ಹಳೆಯ ಗಿರಾಕಿ. ನಾನು ಅಂಗಡಿ ಹಾಕಿದ ಹೊಸದರಲ್ಲಿ ಬಂದು, "ಎಡಗಡೆ ತಗದಾರ ತಂಗಿ. ಒಳಗ ಒಂದು ಕಿಸೆ ಇಡು, ಹತ್ತಿ ತುಂಬತೇನಿ" ಎಂದಿದ್ದರು. ಅಂದಿನಿಂದ ಪ್ರತಿ ರಂಜಾನಿಗೂ ಅವರ ಜಂಪರಿಗೆ ಎಡಗಡೆ ಕಿಸೆ ಇಟ್ಟು ಹೊಲಿಯುತ್ತೇನೆ. ಆ ವಿಷಯ ನಾನೂ ಕೇಳಿದ್ದಿಲ್ಲ, ಅವರೂ ಮುಂದೆ ಮಾತಾಡಿದ್ದಿಲ್ಲ.

ಆ ವಾರ ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ನನಗೊಂದು ಜಂಪರು ಕತ್ತರಿಸಿದೆ. ಬಲಗಡೆ ಒಳಗೆ ಕಿಸೆ ಇಟ್ಟೆ. ಹೇಗೂ ತೆಗೆಯುವವರೇ, ತಯಾರಿ ಇರಲಿ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಹೊಲಿಗೆ ಮಾತ್ರ ಬಲು ಅಚ್ಚುಕಟ್ಟಾಗಿ ಬಂದಿತ್ತು.

ಶನಿವಾರ ಆಪಾ ಹೊಲಿಯಲು ಬಟ್ಟೆ ತೆಗೆದುಕೊಂಡು ಬಂದರು. ಯಂತ್ರದ ಮೇಲೆ ಕಿಸೆ ಇಟ್ಟ ಜಂಪರು ಕಂಡು, ಎತ್ತಿ ಒಳಮಗ್ಗಲು ತಿರುಗಿಸಿ ನೋಡಿದರು.

"ಇದು ಯಾರದು?"

"ಯಾರದೋ ಐತ್ರಿ."

"ನಂದು ಎಡಕ್ಕಿರತೈತಿ, ಇದು ಬಲಕ್ಕೈತಿ. ಅಳತಿ ನೋಡಿದ್ರ ನಿಂದ."

ಇನ್ನೊಂದು ಸುಳ್ಳು ಹೊಳೆಯಲಿಲ್ಲ. ಎಲ್ಲ ಹೇಳಿದೆ.

"ಅಲ್ಲ ತಂಗಿ, ಡಾಕ್ಟರು ಇನ್ನಾ ಕತ್ತರಿ ಮುಟ್ಟಿಲ್ಲ. ಅಷ್ಟರಾಗ ನೀ ಯಾಕ ಕತ್ತರಿ ಹಿಡದಿ?"

ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು. ಆಪಾ ಸ್ಟೂಲು ಎಳೆದುಕೊಂಡು ಕೂತರು. ಇಷ್ಟು ವರ್ಷ ಕೇಳದ್ದನ್ನು ಅಂದು ಕೇಳಿದೆ: "ನಿಮಗ ಅವಾಗ ಹೆಂಗಾತ್ರಿ, ಆಪಾ?"

"ಹೆಂಗಾಗತೈತಿ? ಅಂಜಿಕಿ ಆತು. ಆಪರೇಶನ್ ಮದಲೂ ಅಂಜಿದೆ, ಆದ ಮ್ಯಾಲೂ ಅಂಜಿದೆ. ಸಂತಿ ದಿನ ಬಂತು. ಬಳಿ ಇಡಿಸ್ಕೊಳ್ಳಾಕ ಮಂದಿ ಕಾಯತಿದ್ರು. ಅಂಜಿಕೀನೂ ಕರಕೊಂಡ ಹೋಗಿ ಅಂಗಡಿ ಹಚ್ಚಿದೆ."

ನಾನು ಜಂಪರನ್ನು ಕೈಗೆತ್ತಿಕೊಂಡು, "ಈ ಕಿಸೆ ಬಿಚ್ಚಿಬಿಡ್ಲೇನ್ರಿ?" ಎಂದೆ.

"ಬಿಚ್ಚಬ್ಯಾಡ. ಹೆಂಗಸರಿಗೆ ಬಸ್ ಪುಕ್ಕಟೆ ಆಗೇತಲಾ, ಆಧಾರ ಕಾರ್ಡ ಇಟ್ಕೊಳ್ಳಾಕ ಬರತೈತಿ. ಸೋಮವಾರ ಏನಂದ್ರು ಅಂತ ನನಗ ಹೇಳಬೇಕು ಮತ್ತ."

ಅವರು ಹೋದಮೇಲೆ ಅವರ ಬಟ್ಟೆಯನ್ನೇ ಮೊದಲು ಕತ್ತರಿಸಿದೆ. ಹೆದರಿಕೆ ಹೋಗಿರಲಿಲ್ಲ, ಆದರೂ ಎಡಗಡೆಯ ಕಿಸೆಯನ್ನೂ ಕತ್ತರಿಸಿಟ್ಟೆ.

ಸೋಮವಾರ ಅದೇ ಜಂಪರು ಹಾಕಿಕೊಂಡು ಮನೆಯವರ ಜೊತೆ ಹೋದೆ. ಮತ್ತೆ ಫೋಟೋ ತೆಗೆದರು. ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿ, "ನೀರಿನ ಗುಳ್ಳಿ ಅಷ್ಟ ಐತ್ರಿ. ಕೆಟ್ಟದ್ದೇನಿಲ್ಲ. ವರ್ಷ ಬಿಟ್ಟು ಮತ್ತ ಬಂದು ತೋರಿಸ್ರಿ" ಎಂದರು. ನಾನು ಅದನ್ನೇ ಎರಡು ಸಲ ಹೇಳಿಸಿಕೊಂಡೆ. ಹೊರಗೆ ಬಂದು ಹೇಳಿದಾಗ ನಮ್ಮ ಮನೆಯವರು ಟವೆಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು.

ಸಿಂದಗಿ ಬಸ್ಸು ಆಪಾ ಇರುವ ದೇವರ ಹಿಪ್ಪರಗಿಯ ಮೇಲೆಯೇ ಹೋಗುತ್ತದೆ. ಕಂಡಕ್ಟರ್ ಬಂದಾಗ ಮನೆಯವರು "ಸಿಂದಗಿ ಒಂದು" ಎಂದು ತಮ್ಮ ಟಿಕೇಟು ತೆಗೆಸಿದರು. ನಾನು ಸೆರಗು ಮರೆ ಮಾಡಿಕೊಂಡು ಬಲಗಡೆಯ ಕಿಸೆಯಿಂದ ಕಾರ್ಡು ತೆಗೆದೆ. ಅದು ಮೈಬಿಸಿಗೆ ಬೆಚ್ಚಗಾಗಿತ್ತು.

"ನನಗ ಹಿಪ್ಪರಗೀದು ಕೊಡ್ರಿ" ಎಂದೆ.