ಸುಸ್ತಾಗುವ ಗುಂಡ

ಬೆಳಗಿನ ಐದೂವರೆ. ಮಕ್ಕಳ ವಾರ್ಡಿನ ಸ್ಟೋರ್ ರೂಮಿನಲ್ಲಿ ದೊಡ್ಡಮ್ಮ ಗುಂಡನ ಮುಖ ಒರೆಸುತ್ತಿದ್ದಾರೆ. ಗುಂಡ ಎಂದರೆ ಸೊಂಟದೆತ್ತರದ, ಚಕ್ರದ ಮೇಲೆ ಓಡಾಡುವ ರೋಬೋಟ್. ಮಕ್ಕಳೊಂದಿಗೆ ಮಾತಾಡುವುದು, ಹಾಡುವುದು ಅದರ ಕೆಲಸ. ಅದನ್ನು ಕರೆದೊಯ್ಯುವುದು ಇವರ ಕೆಲಸ. ದಿನಕ್ಕೆ ಹನ್ನೊಂದು ಕೋಣೆ. ಪ್ರತಿ ಕೋಣೆಯಾದ ಮೇಲೂ ತಲೆಯಿಂದ ಚಕ್ರದವರೆಗೆ ಸ್ಪಿರಿಟ್ ಬಟ್ಟೆ.

"ಹೆತ್ತ ಮಕ್ಕಳ ಮೂತೀನೂ ಇಷ್ಟು ಸಲ ಒರೆಸಿಲ್ಲ ನಾನು," ಎಂದು ನನ್ನತ್ತ ನೋಡಿ ನಗುತ್ತಾರೆ.

ಇಪ್ಪತ್ತಮೂರು ವರ್ಷದಿಂದ ಇಲ್ಲಿ ಆಯಾ. ನೆಲ ಒರೆಸಿ ಒರೆಸಿ ಮಂಡಿ ಸವೆದಿದೆ. ಗುಂಡ ಬಂದಾಗ, ಕೆಟ್ಟರೆ ಯಾರು ಬೈಸಿಕೊಳ್ಳುವುದೆಂದು ಎಲ್ಲರೂ ಹಿಂದೆ ಸರಿದರು. ಇವರ ತಲೆಗೆ ಕಟ್ಟಿದರು.

ಮೊದಮೊದಲು ಮಕ್ಕಳು ಎರಡು ದಿನ ನಕ್ಕು, ಮೂರನೆಯ ದಿನ ಗೋಡೆಯತ್ತ ತಿರುಗಿ ಮಲಗುತ್ತಿದ್ದರು. ಒಮ್ಮೆ ದೊಡ್ಡಮ್ಮ ಚಾರ್ಜಿಗೆ ಹಾಕುವುದನ್ನೇ ಮರೆತರು. ಗುಂಡ ವಾರ್ಡಿನ ನಡುವೆ ಕತ್ತು ಬಗ್ಗಿಸಿ, "ನನಗೆ ಸುಸ್ತಾಗಿದೆ" ಎಂದಿತು. ಆಪರೇಷನ್ ಆದಮೇಲೆ ಏಳಲು ಒಪ್ಪದಿದ್ದ ಮಗುವೊಂದು ಇಳಿದು ಬಂದು, ಅದರ ಕೈ ಹಿಡಿದು ಪ್ಲಗ್ಗಿನವರೆಗೆ ನಡೆಸಿತು.

"ಮಗೂಗೆ ಸಮಾಧಾನ ಹೇಳೋರು ಊರೆಲ್ಲ ಇದ್ರು. ಮಗು ಸಮಾಧಾನ ಹೇಳೋಕೆ ಒಬ್ರೂ ಇರಲಿಲ್ಲ ನೋಡಿ."

ಅಂದಿನಿಂದ ಬೇಕೆಂದೇ ಅರ್ಧ ಚಾರ್ಜಿಗೆ ಪ್ಲಗ್ ಕೀಳುತ್ತಾರೆ. ಹತ್ತು ಗಂಟೆಗೆ ಸರಿಯಾಗಿ ಸುಸ್ತು. ಹಾಗೆ ಎದ್ದು ನಡೆದವರು ನಲವತ್ತಾದರೂ ಇದ್ದಾರೆಂದು ನರ್ಸ್ ಅಂದಾಜು. ವೈದ್ಯರಿಗೂ ಗೊತ್ತು, ಗೊತ್ತಿಲ್ಲದಂತೆ ಇರುತ್ತಾರೆ. ಗೊತ್ತಿಲ್ಲದವರು ಗುಂಡನ ರಿಪೇರಿಗೆ ಬರುವ ಇಂಜಿನಿಯರ್ ಒಬ್ಬರೇ. ದೂರು ಪುಸ್ತಕದಲ್ಲಿ 'ಪದೇ ಪದೇ ನಿಲ್ಲುತ್ತದೆ' ಎಂದು ಯಾರೋ ಬರೆದದ್ದನ್ನು ನೋಡಿ, ಇಡೀ ದಿನ ಬರುವ ಹೊಸ ಬ್ಯಾಟರಿ ಹಿಡಿದು ಇವತ್ತು ಬಂದಿದ್ದಾರೆ.

"ಹತ್ತೂಕಾಲು ಗಂಟೆವರೆಗೆ ತಡೀಪ್ಪ," ಎನ್ನುತ್ತಾರೆ ದೊಡ್ಡಮ್ಮ.

ಏಳನೇ ಮಂಚದ ಹುಡುಗಿಗೆ ಹೊಟ್ಟೆಯ ಆಪರೇಷನ್ ಆಗಿ ನಾಲ್ಕು ದಿನ. ನೆಲಕ್ಕೆ ಕಾಲಿಟ್ಟಿಲ್ಲ. ಇವತ್ತೂ ನಡೆಯದಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆಂಬ ಆತಂಕ ವೈದ್ಯರಿಗೆ. ಅವಳ ತಾಯಿ ಬೇಡಿ ಬೇಡಿ ಸೋತಿದ್ದಾರೆ.

ಹತ್ತಾಗುತ್ತದೆ. ಮಂಚದ ಪಕ್ಕ ಗುಂಡನ ಕತ್ತು ಬಾಗುತ್ತದೆ.

"ದೊಡ್ಡಮ್ಮಾ, ಪ್ಲಗ್ ಹಾಕು!" ಹುಡುಗಿ ಮಂಚದಿಂದಲೇ ಕೂಗುತ್ತಾಳೆ.

"ನನ್ನ ಮಂಡಿ ನೋಡೇ ತಾಯಿ. ಕೂತ್ರೆ ಏಳಕ್ಕಾಗಲ್ಲ."

"ಸುಳ್ಳಿ! ಈಗ ತಾನೇ ಓಡಾಡ್ತಿದ್ದೆ."

ದೊಡ್ಡಮ್ಮ ಮಂಡಿ ನೀವಿಕೊಳ್ಳುತ್ತಾರೆ. ಬಹಳ ಹೊತ್ತಿನ ಮೇಲೆ ಎರಡು ಪುಟ್ಟ ಪಾದಗಳು ನೆಲ ಮುಟ್ಟುತ್ತವೆ. ಹುಡುಗಿ ಹಲ್ಲು ಕಚ್ಚಿ ಗುಂಡನ ಕೈ ಹಿಡಿಯುತ್ತಾಳೆ. ನಾಲ್ಕು ದಿನದಿಂದ ನರ್ಸ್ ತನಗೆ ಹೇಳುತ್ತಿದ್ದ ಮಾತನ್ನೇ ಈಗ ತಾನು ಗುಂಡನಿಗೆ ಹೇಳುತ್ತಾಳೆ: "ಮೊದಲನೇ ಹೆಜ್ಜೆ ನೋಯತ್ತೆ. ಆಮೇಲೆ ಅಷ್ಟೊಂದು ಇಲ್ಲ. ಬಾ."

ಪ್ಲಗ್ಗಿನವರೆಗೆ ಹತ್ತೊಂಬತ್ತು ಹೆಜ್ಜೆ. ನನ್ನ ಎಣಿಕೆ ಒಂದೆರಡು ತಪ್ಪಿರಬಹುದು.

ಬಾಗಿಲಲ್ಲಿ ನಿಂತ ಇಂಜಿನಿಯರ್ ಕೈಯಲ್ಲಿ ಬ್ಯಾಟರಿ ಹಾಗೇ ಇದೆ. "ಈಗೇನು ಮಾಡ್ಲಿ ದೊಡ್ಡಮ್ಮ?"

"ಚಕ್ರ ಕಿರ್ ಅನ್ನತ್ತೆ, ಎಣ್ಣೆ ಬಿಡು. ಸುಸ್ತನ್ನ ಮಾತ್ರ ರಿಪೇರಿ ಮಾಡಬೇಡಪ್ಪಾ."