ಹೊಳೆಯಾಚೆಯವನ ಚೀಲ

ಹಸುವಿನ ಈ ಕಥೆಯನ್ನು ನನಗೆ ಮೊದಲು ಹೇಳಿದವರು ಗೊಬ್ಬರದ ಗೋದಾಮಿನ ಹಿರಿಯ ಹಮಾಲಿ; ಕಳೆದ ವರ್ಷ, ಬಿತ್ತನೆಗೆ ಹನ್ನೆರಡು ದಿನ ಮುಂಚೆ, ತಡವಾದ ಲಾರಿಗೆ ಕಾಯುತ್ತ ತೂಕದ ಕಟ್ಟೆಯ ಮೇಲೆ ಕುಳಿತು. ಅವರ ಕಥೆಯಲ್ಲಿ ಹಸು ಕೆಂದು ಬಣ್ಣದ್ದು. ಅದೇ ವಾರ ಗುಮಾಸ್ತರು ಹೇಳಿದಾಗ ಅದು ಎಮ್ಮೆಯಾಯಿತು; ಎದುರಿನ ಚಹಾದಂಗಡಿಯಾಕೆಯ ಬಾಯಲ್ಲಿ ಎರಡು ಹಸುಗಳಾದವು. ಮೂವರಲ್ಲೂ ಬದಲಾಗದ ಸಂಗತಿ ಒಂದೇ: ಯೂರಿಯಾದ ಖಾಲಿ ಚೀಲವನ್ನು ದನ ನೀರು ಕುಡಿಯುವ ತೊಟ್ಟಿಯಲ್ಲಿ ಅದ್ದಿ ತೊಳೆದವನು ‘ಹೊಳೆಯಾಚೆಯ ಊರಿನವನೊಬ್ಬ’. ಮೂವರಿಗೂ ಕಥೆ ಬಂದದ್ದು ಒಬ್ಬರಿಂದಲೇ, ಗೋದಾಮಿನ ಉಗ್ರಾಣಿಯಿಂದ. ಊರು ಅವರನ್ನು ಕರೆಯುವುದು ಸೀಳಪ್ಪ ಎಂದು.

ಈ ವರ್ಷ ಗೊಬ್ಬರ ಹಂಚುವ ಮೊದಲ ದಿನ. ಬೆಳಗಿನ ಐದೂವರೆ. ಬೀಗ ತೆಗೆಯುವ ಮುನ್ನ ಸೀಳಪ್ಪ ಕಿಟಕಿಯ ಹೊರಗಟ್ಟೆಯ ಮೇಲಿನ ಗಾಜಿನ ತಟ್ಟೆಯನ್ನು ಎತ್ತಿಕೊಳ್ಳುತ್ತಾರೆ. ಹಿಂದಿನ ಸಂಜೆ ಅದರಲ್ಲಿ ಒಂದು ಚಿಟಿಕೆ ಯೂರಿಯಾ ಹಾಕಿಟ್ಟಿದ್ದಾರೆ. ತಟ್ಟೆಯನ್ನು ಓರೆ ಮಾಡಿದಾಗ ಹರಳುಗಳು ಉರುಳಿದರೆ ಕಿಟಕಿ ತೆರೆಯಬಹುದು. ಅಂಟಿ ಕುಳಿತರೆ ಗಾಳಿಯಲ್ಲಿ ಪಸೆಯಿದೆಯೆಂದು ಅರ್ಥ, ಬಿಸಿಲೇರುವ ತನಕ ಎಲ್ಲವೂ ಮುಚ್ಚಿರಬೇಕು. ಇಂದು ಒಂದು ಹರಳೂ ಅಲುಗುವುದಿಲ್ಲ. “ಬೆಳಿಗ್ಗೇನೇ ಮುನಿಸಿಕೊಂಡು ಕೂತಿದೆ” ಎನ್ನುತ್ತ ಅವರು ಬಾಗಿಲನ್ನು ತಮ್ಮ ಮೈಯಷ್ಟೇ ತೆರೆದು ಒಳಗೆ ನುಸುಳುತ್ತಾರೆ.

ಒಳಗೆ ಕಣ್ಣಿಗೆ ಚುರುಗುಟ್ಟುವ ವಾಸನೆ. ಚೀಲಗಳು ನೆಲಕ್ಕೆ ತಾಗಿಲ್ಲ. ಗೇಣೆತ್ತರದ ಮರದ ಹಲಗೆಗಳ ಮೇಲೆ ಕುಳಿತಿವೆ. ಒಂದರ ಮೇಲೊಂದು ಹತ್ತು, ಹನ್ನೊಂದನೆಯದಕ್ಕೆ ಅಪ್ಪಣೆಯಿಲ್ಲ. ಸೀಳಪ್ಪ ಗೋಡೆಗೂ ಚೀಲದ ಸಾಲಿಗೂ ನಡುವಿನ ಸಂದಿನಲ್ಲಿ ಅಡ್ಡಡ್ಡ ನಡೆಯುತ್ತ ಮೂಲೆಗಳನ್ನು ಮುಟ್ಟಿ ನೋಡುತ್ತಾರೆ. “ನಾನು ತೂರೋ ಅಷ್ಟು ಜಾಗ ಇರಲೇಬೇಕು. ನಾನು ದಪ್ಪ ಆದಷ್ಟೂ ಗೊಬ್ಬರಕ್ಕೆ ಗಾಳಿ ಜಾಸ್ತಿ” ಎಂಬುದು ಅವರ ನಗೆಮಾತು. ರಾತ್ರಿ ಒಂದು ಚೀಲದ ಹೊಲಿಗೆ ಬಿಚ್ಚಿದೆ. ಚೆಲ್ಲಿದ್ದನ್ನು ಒಣ ಪೊರಕೆಯಿಂದ ಗುಡಿಸಿ, ಮುಚ್ಚಳವಿರುವ ಡಬ್ಬಕ್ಕೆ ತುಂಬಿ, ಮೇಲೆ ಏನಿದೆಯೆಂದು ಬರೆದ ಚೀಟಿ ಅಂಟಿಸುತ್ತಾರೆ. ಆ ನೆಲಕ್ಕೆ ಇಪ್ಪತ್ತು ವರ್ಷಗಳಿಂದ ಒಂದು ಚೊಂಬು ನೀರೂ ಬಿದ್ದಿಲ್ಲ. ತೊಳೆದ ನೀರು ಚರಂಡಿ ಹಿಡಿದು ಕೆರೆ ಸೇರುತ್ತದೆಂದು ಅವರಿಗೆ ಗೊತ್ತು.

ಬಿತ್ತನೆಯ ಕಾಲದಲ್ಲಿ ದಿನಕ್ಕೆ ಮುನ್ನೂರು ಚೀಲ ಹೊರಗೆ ಹೋಗುತ್ತವೆ, ಒಂದೊಂದೂ ನಲವತ್ತೈದು ಕಿಲೋ. ಮೊದಲು ಬಂದದ್ದು ಮೊದಲು ಹೋಗಬೇಕಾದ್ದರಿಂದ ಹಿಂದಿನ ಸಾಲನ್ನು ಮುಂದಕ್ಕೆ ತರುವ ಕೆಲಸ ಬೇರೆ. ಸೀಳಪ್ಪನವರ ಅಂಗೈ ಬಿರುಕು ಬಿಟ್ಟು, ಬೇಸಿಗೆಯ ಕೆರೆಯಂಗಳದಂತಿದೆ. ಬೀಡಿ ಸೇದುವವರು ಬೇಲಿಯಾಚೆಗೆ. ಡೀಸೆಲ್ ಡಬ್ಬ ಹೊಸಿಲು ದಾಟುವಂತಿಲ್ಲ. ಗೊಬ್ಬರದ ಪಕ್ಕ ಬೀಜ ಕೆಡುತ್ತದೆಂದು, ಒಂದೇ ಒಂದು ದಿನಕ್ಕೆಂದು ಬಿತ್ತನೆಬೀಜದ ಮೂಟೆ ತಂದಿಟ್ಟ ಸಹಕಾರ ಸಂಘದ ಅಧ್ಯಕ್ಷರಿಂದಲೇ ಅದನ್ನು ಹೊರಿಸಿ ಕಳಿಸಿದರೆಂದು ಹಮಾಲಿಗಳು ಈಗಲೂ ನಗುತ್ತಾರೆ.

ಅಡ್ಡಹೆಸರು ಬಂದದ್ದು ಖಾಲಿ ಚೀಲಗಳಿಂದ. ಹೊಸ ಗೊಬ್ಬರ ಬೇಕಾದವರು ಹಳೆಯ ಚೀಲಗಳನ್ನು ಮರಳಿ ತರಬೇಕು. ಕಾಳು ತುಂಬಲು, ನೀರು ಹೊರಲು ಅವು ಗಟ್ಟಿಮುಟ್ಟು ಎಂದು ರೈತರು ಗೋಗರೆದರೂ ಸೀಳಪ್ಪ ಕೊಕ್ಕೆಚೂರಿ ತೆಗೆದು ಪ್ರತಿಯೊಂದರ ತಳಕ್ಕೂ ಎರಡು ಸೀಳು ಹಾಕುತ್ತಾರೆ. “ಮಾವ, ಮನೇಲಿ ನಿಮ್ಮ ಅಂಗಿ ಜೇಬಿಗೂ ಹೀಗೇ ಮಾಡ್ಕೊಂಡಿದ್ದೀರಾ?” ಎಂದು ಟ್ರ್ಯಾಕ್ಟರಿನವನು ಕೆಣಕುತ್ತಾನೆ. ಅವರು ಮುಂದಿನ ಚೀಲ ಎಳೆದುಕೊಳ್ಳುತ್ತಾರೆ. ಇದಕ್ಕೆಲ್ಲ ಮೊದಲು ಎಲ್ಲರನ್ನೂ ತಗಡಿನ ಚಪ್ಪರದಡಿ ಕೂರಿಸಿ ಹಸುವಿನ ಕಥೆ ಹೇಳುತ್ತಾರೆ. ಕಥೆ ಮುಗಿಯದೆ ಚೀಲವಿಲ್ಲ. ಹದಿನೇಳು ವರ್ಷಗಳಿಂದ ಇದು ತಪ್ಪಿಲ್ಲ.

ತಪ್ಪದೆ ಹೇಳಿದ ಕಥೆಯಲ್ಲಿ ಒಂದು ಮಾತು ಮಾತ್ರ ಸುಳ್ಳು. ಹೊಳೆಯಾಚೆ ಅಂಥವನಾರೂ ಇಲ್ಲ.

ಹದಿನೆಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಸೀಳಪ್ಪನವರ ಅಕ್ಕ ಹೊಟ್ಟು ತುಂಬಿಡಲು ಒಂದು ಚೀಲ ಕೇಳಿದ್ದರು. ಸೀಳಪ್ಪ ಗೋದಾಮಿನಿಂದ ಒಳ್ಳೆಯದೊಂದನ್ನು ಆರಿಸಿ ಒಯ್ದರು. ಒಳಪದರದ ಮಡಿಕೆಗಳಲ್ಲಿ ಮೂರು ನಾಲ್ಕು ಹಿಡಿ ಯೂರಿಯಾ ಗಟ್ಟಿಯಾಗಿ ಕೂತಿತ್ತು. ಅಕ್ಕನಿಗೆ ಕೆಲಸ ಉಳಿಯಲೆಂದು ತಾವೇ ಕೊಟ್ಟಿಗೆಯ ಕಲ್ಲುತೊಟ್ಟಿಯ ತಳದ ನೀರಿನಲ್ಲಿ ಚೀಲವನ್ನು ಅದ್ದಿ, ಕುಕ್ಕಿ, ಬೇಲಿಗೆ ಹರವಿ ಹೋದರು. ಸಂಜೆ ಬಾಯಾರಿ ಬಂದ ಹಸು ತೊಟ್ಟಿಯನ್ನು ಬರಿದು ಮಾಡಿತು. ಗಂಟೆ ಕಳೆಯುವುದರೊಳಗೆ ಹೊಟ್ಟೆಯುಬ್ಬಿ, ನೊರೆ ಕಾರಿ, ನಡುಗಿ ಬಿದ್ದು ಸತ್ತಿತು.

ಅಂದು ಮಧ್ಯಾಹ್ನ ಅಕ್ಕ ಅದಕ್ಕೆ ಎಳೆ ಜೋಳದ ಮೇವು ಹಾಕಿದ್ದರು. ಎಳೆ ಜೋಳ ನಂಜಾಗುವುದುಂಟೆಂದು ಎಲ್ಲರೂ ಬಲ್ಲರು. ಬೇರೆ ಕಾರಣವನ್ನು ಯಾರೂ ಹುಡುಕಲಿಲ್ಲ. “ಇವಳ ಕೈಗುಣವೇ ಸರಿಯಿಲ್ಲ” ಎಂದುಬಿಟ್ಟರು ಅಕ್ಕನ ಅತ್ತೆ. ಆ ದಿನದಿಂದ ಅಕ್ಕ ಹುಲ್ಲು ಕೊಯ್ದು ಹೊತ್ತು ತಂದು ಕೊಟ್ಟಿಗೆಯ ಹೊಸಿಲಲ್ಲಿ ಇಳಿಸುತ್ತಾರೆ. ದನದ ಮುಂದೆ ಹಾಕುವುದು ಬೇರೆಯವರು.

ಮೂರು ತಿಂಗಳ ನಂತರ ತರಬೇತಿಯೊಂದರಲ್ಲಿ ಪಶುವೈದ್ಯರೊಬ್ಬರು ಯೂರಿಯಾ ಕರಗಿದ ನೀರು ದನವನ್ನು ಹೇಗೆ ಕೊಲ್ಲುತ್ತದೆಂದು ವಿವರಿಸಿದರು. ಉಬ್ಬುವುದು, ನೊರೆ, ನಡುಕ, ಒಂದೂ ಬಿಡದೆ. ಸೀಳಪ್ಪ ನೆಟ್ಟಗೆ ಅಕ್ಕನ ಮನೆಗೇ ಹೋದರು. “ಹೇಳಬೇಕು ಅಂತಲೇ ಹೋಗಿದ್ದೆ. ಭಾವ ಕುರ್ಚಿ ಹಾಕಿದ್ರು, ಅತ್ತೆ ಕ್ಷೇಮ ವಿಚಾರಿಸಿದ್ರು, ಅಕ್ಕ ಹೊಸಿಲಲ್ಲಿ ಹುಲ್ಲು ಇಳಿಸ್ತಾ ಇದ್ಲು. ನಾಲಿಗೆ ಏಳಲಿಲ್ಲ. ಮುಂದಿನ ಸಲ ಅಂದ್ಕೊಂಡೆ.” ಮುಂದಿನ ಸಲ ಬರಲೇ ಇಲ್ಲ. ನಾಲ್ಕು ವರ್ಷದ ಹಿಂದೆ ಅತ್ತೆ ತೀರಿಕೊಂಡರು, ಸೊಸೆಯ ಕೈಯನ್ನು ದೂರುತ್ತಲೇ.

ಇಂದು ಚಪ್ಪರದಡಿಯ ಮೊದಲ ಸಾಲಿನಲ್ಲಿ ಅಕ್ಕ ಕುಳಿತಿದ್ದಾರೆ. ಭಾವ ಕಾಲು ಮುರಿದುಕೊಂಡಿರುವುದರಿಂದ ಇದೇ ಮೊದಲ ಬಾರಿಗೆ ಅವರೇ ಬಂದಿದ್ದಾರೆ, ಮಡಿಲಲ್ಲಿ ಮೂರು ಖಾಲಿ ಚೀಲ. ಸೀಳಪ್ಪ ಹೊತ್ತಾಯಿತೆಂದು ಹೇಳಿ ಕಥೆಯನ್ನು ಬಿಡಲು ನೋಡುತ್ತಾರೆ. ಆದರೆ ಜನ ಬಿಡುವವರಲ್ಲ; ಕಥೆಯಿಲ್ಲದೆ ಚೀಲ ತೆಗೆದುಕೊಂಡರೆ ಬೆಳೆ ಬರುವುದಿಲ್ಲವೆಂದು ಹಮಾಲಿ ನಗಿಸುತ್ತಾರೆ. ಸೀಳಪ್ಪ ಶುರುಮಾಡುತ್ತಾರೆ. ಹಸು ಬರುತ್ತದೆ, ತೊಟ್ಟಿ ಬರುತ್ತದೆ. ‘ಹೊಳೆಯಾಚೆಯ’ ಎಂಬಲ್ಲಿಗೆ ಬಂದು ಮಾತು ನಿಲ್ಲುತ್ತದೆ. ಅವರು ಚೂರಿಯನ್ನು ಮಡಚಿ ಕೆಳಗಿಡುತ್ತಾರೆ.

“ಹೊಳೆಯಾಚೆಯವನಲ್ಲ. ಚೀಲ ಅದ್ದಿದ್ದು ನಾನು. ಹಸು ನಮ್ಮಕ್ಕನದು.”

ಉಳಿದದ್ದನ್ನು ಅವರು ನೆಲ ನೋಡುತ್ತಲೇ ಹೇಳಿ ಮುಗಿಸುತ್ತಾರೆ, ತರಬೇತಿಯ ಸಂಗತಿಯನ್ನೂ, ಆ ಕುರ್ಚಿಯ ಸಂಗತಿಯನ್ನೂ. ಹಮಾಲಿ, ಪಾಪ, ಆ ಕೆಂದು ಹಸು, ಎಂದೇನೋ ಗೊಣಗುತ್ತಾರೆ.

“ಕೆಂದು ಅಲ್ಲ. ಬಿಳಿ. ಕಿವಿ ಮಾತ್ರ ಕೆಂದು” ಎನ್ನುತ್ತಾರೆ ಅಕ್ಕ.

ಅವರು ಎದ್ದು ಬಂದು ಚೀಲಗಳನ್ನು ತಮ್ಮನ ಮುಂದಿಡುತ್ತಾರೆ. ಸೀಳಪ್ಪ ಚೂರಿಯನ್ನು ಬಿಡಿಸುತ್ತಾರೆ. ಅಕ್ಕ ಚೀಲದ ಬಾಯಿಯನ್ನು ಬಿಗಿಹಿಡಿಯುತ್ತಾರೆ, ತಮ್ಮ ಸೀಳುತ್ತಾರೆ. ಮೂರನೆಯದು ಮುಗಿದ ಮೇಲೆ ಅಕ್ಕ ತಗ್ಗಿದ ದನಿಯಲ್ಲಿ ಆಡುವ ಮಾತು ಹತ್ತಿರದವರಿಗಷ್ಟೇ ಕೇಳಿಸುತ್ತದೆ.

“ನಮ್ಮತ್ತೆ ಇದ್ದಾಗ ಹೇಳಬೇಕಿತ್ತು ಕಣೋ. ಇನ್ನು ಮೇಲೆ ಹೇಳುವಾಗ, ಅಕ್ಕನ ಕೈಯದೇನೂ ತಪ್ಪಿಲ್ಲ ಅನ್ನೋದನ್ನ ಮೊದಲು ಹೇಳು. ಹಸು ಸತ್ತಿದ್ದು ಆಮೇಲೆ.”

ತಮ್ಮ ತಲೆಯಾಡಿಸುತ್ತಾರೆ.

ಬಿಸಿಲೇರಿ ತಟ್ಟೆಯ ಹರಳುಗಳು ಬಿಡಿಯಾಗಿವೆ, ಕಿಟಕಿಗಳು ತೆರೆದಿವೆ. ಇನ್ನೇನು ಬೇಕೆಂದು ನಾನು ಕೇಳಿದರೆ ಸೀಳಪ್ಪ ಅಂಗೈಯ ಬಿರುಕು ನೋಡಿಕೊಳ್ಳುತ್ತಾರೆ. “ನನಗೇನು ಬೇಕು? ಅಕ್ಕ ಒಂದು ದಿನ ಕೊಟ್ಟಿಗೆ ಒಳಗೆ ಹೋಗಿ ತನ್ನ ಕೈಯಾರೆ ಮೇವು ಹಾಕಲಿ. ನಾನು ಹೊಸಿಲಾಚೆ ನಿಂತು ನೋಡ್ತೀನಿ.”

ಕೇಳಿದವರು ಒಬ್ಬೊಬ್ಬರಾಗಿ ಎದ್ದು, ಬಟ್ಟೆ ಕೊಡವಿಕೊಂಡು, ಚೀಲ ಹೇರಿಸಿ ಮನೆಯ ದಾರಿ ಹಿಡಿಯುತ್ತಾರೆ. ಟ್ರ್ಯಾಕ್ಟರಿನವನು ದಾರಿಯಲ್ಲೇ ಸಿಕ್ಕವನಿಗೆ ಕಥೆ ಹೇಳತೊಡಗಿದ್ದಾನೆ. ಹಿಂದೆ ಟ್ರೇಲರಿನಲ್ಲಿ ಚೀಲಗಳ ಮೇಲೆ ಕುಳಿತ ಅಕ್ಕ, ಅವನು ಎಲ್ಲಿಂದ ಶುರುಮಾಡುತ್ತಾನೆಂದು ಕಿವಿಗೊಟ್ಟಿದ್ದಾರೆ.