ಮಂಜುನಾಥನ ಹೃದಯದ ವಿಷಯ

ನಿನ್ನೆ ಗೌರಿಬಿದನೂರಿನ ದಾರಿಯಲ್ಲಿ ಹೆಂಗಸೊಬ್ಬಳು ಮಳೆಗೆ ಎದ್ದ ಅಣಬೆಗಳನ್ನು ಬುಟ್ಟಿಯಲ್ಲಿಟ್ಟು ಮಾರುತ್ತಿದ್ದಳು. ಆ ಹಸಿ ಮಣ್ಣಿನ ವಾಸನೆ ಕಾರಿನೊಳಗೆ ಬಂದದ್ದೇ ತಡ, ನಾನೂ ನನ್ನ ಗೆಳೆಯ ಮಂಜುನಾಥನೂ ಒಟ್ಟಿಗೇ ಕಿಟಕಿಯ ಗಾಜು ಏರಿಸಿದೆವು. ಓದುಗರೇ, ಅಣಬೆಯ ಸಾರನ್ನು ನಾನು ಈಗಲೂ ಇಷ್ಟಪಟ್ಟು ಉಣ್ಣುತ್ತೇನೆ. ನಾವು ನೆನೆದದ್ದು ಬೇರೆಯ ಅಣಬೆಯನ್ನು.

ಪದವಿ ಮುಗಿದ ವರ್ಷ ಸಹಪಾಠಿಗಳೊಂದಿಗೆ ನಮ್ಮೂರು ಚಿಂತಾಮಣಿಯ ಬಳಿಯ ಅಂಬಾಜಿದುರ್ಗದ ಬೆಟ್ಟ ಹತ್ತಿದ್ದೆವು. ಒಬ್ಬನು ಪೊಟ್ಟಣ ಬಿಚ್ಚಿ, ತಿಂದರೆ ಬಂಡೆಗಳು ಬಣ್ಣ ಬದಲಿಸುತ್ತವೆಂದು ಹೇಳಿ ಒಣ ಅಣಬೆಯ ಚೂರುಗಳನ್ನು ಹಂಚಿದನು. ನಾನು ತಿನ್ನಲಿಲ್ಲ. ಅದನ್ನು ಸಂಯಮವೆಂದು ಹೇಳಿಕೊಳ್ಳಬಹುದಿತ್ತು. ನಿಜವಾಗಿ, ಮನೆತನದ ಮೊದಲ ಪದವೀಧರನಿಗೆ ಅಮಲೇರಿದರೆ ಪದವಿಯನ್ನೇ ವಾಪಸು ಕೇಳಿಯಾರೆಂಬ ಭಯ.

“ಬೇಡ ಕಣೋ, ನಿನಗಲ್ಲ ಇದು” ಎಂದು ಮಂಜುನಾಥನ ಕಿವಿಯಲ್ಲಿ ಹೇಳಿದೆ.

“ಬೇಡ ಅಂದ್ರೆ ಯಾಕೆ ಅಂತಾರೆ. ಏನಂತ ಹೇಳ್ಲಿ?” ಎಂದು ಅವನು ನುಂಗಿಬಿಟ್ಟನು.

ಬಾಲ್ಯದಲ್ಲಿ ಕೀಲುಗಳು ಊದುವ ಜ್ವರವೊಂದು ಬಂದು ಅವನ ಹೃದಯದ ಕವಾಟವನ್ನು ಕಿರಿದಾಗಿಸಿತ್ತು. ಮದುವೆಯ ವಯಸ್ಸಿಗೆ ಬಂದ ಮಕ್ಕಳ ಕಾಯಿಲೆಯ ಬಗ್ಗೆ ನಮ್ಮ ಕಡೆ ಯಾರೂ ಬಾಯಿಬಿಡುವುದಿಲ್ಲ. ಆದ್ದರಿಂದ ಅವನು ಚಿಂತಾಮಣಿಯ ಪರಿಚಿತರ ಕಣ್ಣು ತಪ್ಪಿಸಿ, ಆ ಜ್ವರ ಮರುಕಳಿಸದಂತೆ ಹಾಕುವ ಚುಚ್ಚುಮದ್ದಿಗೆಂದು ನನ್ನೊಂದಿಗೆ ಶಿಡ್ಲಘಟ್ಟದ ಬಸ್ಸು ಹತ್ತುತ್ತಿದ್ದನು. ಕೇಳಿದವರಿಗೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದೆವು ಎನ್ನುತ್ತಿದ್ದೆವು. ಪುಣ್ಯಕ್ಕೆ ಯಾರೂ ಗೂಡಿನ ಧಾರಣೆ ಕೇಳಲಿಲ್ಲ.

ಬೆಟ್ಟದ ಮೇಲೆ ಉಳಿದವರು ಬಂಡೆ ನೋಡಿ ನಗತೊಡಗಿದಾಗ ಮಂಜುನಾಥ ಎದೆ ಹಿಡಿದು ಕುಳಿತನು. “ಓಡ್ತಾ ಇದೆ ಕಣೋ... ನಿಲ್ತಾ ಇಲ್ಲ.” ಉಸಿರು ಸಾಲದೆ ಮಾತು ತುಂಡಾಗುತ್ತಿತ್ತು. ಅವನನ್ನು ಆಸ್ಪತ್ರೆಗೆ ಕರೆತಂದು, ಅವನ ಸೋದರಮಾವನನ್ನು ಕರೆಸಿದೆ.

“ಬಿಸಿಲಿಗೆ ಸುಸ್ತಾಗವ್ನೆ ಅಷ್ಟೇ, ಡಾಕ್ಟ್ರಮ್ಮ. ಗಟ್ಟಿ ಹುಡುಗ. ಎರಡು ಬಾಟ್ಲು ಗ್ಲೂಕೋಸ್ ಹಾಕ್ಬಿಡಿ” ಎಂದರು ಮಾವ. ಮಂಜುನಾಥನಿಗೆ ಮದುವೆಯ ಮಾತು ನಡೆಯುತ್ತಿದ್ದ ಹೆಣ್ಣಿನ ಚಿಕ್ಕಪ್ಪ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು, ಪಕ್ಕದಲ್ಲೇ ನಿಂತಿದ್ದರು. ಗೆಳೆಯರು ಅಣಬೆಯ ಮಾತೆತ್ತಲಿಲ್ಲ, ಮಾವ ಹೃದಯದ ಮಾತೆತ್ತಲಿಲ್ಲ. ಎರಡನ್ನೂ ಹೇಳಬಲ್ಲವನು ನಾನೊಬ್ಬನೇ.

“ವೈದ್ಯರೇ, ಇವನು ಭ್ರಮೆ ಹುಟ್ಟಿಸುವ ಅಣಬೆಯನ್ನು ಸೇವಿಸಿದ್ದಾನೆ. ಇವನ ಹೃದಯದ ಕವಾಟವು ಕಿರಿದಾಗಿದೆ” ಎಂದೆ. ಆ ಗಾಬರಿಯಲ್ಲಿಯೂ ನನ್ನ ವ್ಯಾಕರಣ ಕೆಡಲಿಲ್ಲ.

“ಪಾಠ ಒಪ್ಪಿಸ್ತಾವ್ನೆ ನೋಡು” ಎಂದು ಮಾವ ಹಲ್ಲು ಕಡಿದರು.

ವೈದ್ಯೆ ಗ್ಲೂಕೋಸನ್ನು ತಡೆದರು. “ಅದು ತಲೆಗಷ್ಟೇ ಏರಲ್ಲಪ್ಪ, ಎದೆ ಬಡಿತಾನೂ ಬೀಪೀನೂ ಏರ್ಸುತ್ತೆ. ಇಂಥ ಹೃದಯ ಹಾಗೆ ಓಡಿದ್ರೆ ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳುತ್ತೆ. ಅದರ ಮೇಲೆ ಗ್ಲೂಕೋಸ್ ಬಿಟ್ಟಿದ್ರೆ ನಾವೇ ಮುಳುಗಿಸ್ತಿದ್ವಿ.” ಬಡಿತ ಇಳಿಸುವ ಔಷಧ ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಮಂಜುನಾಥ ಉಳಿದನು. ಸಂಬಂಧ ಮುರಿಯಿತು. ಮಾವ ಇಂದಿಗೂ ನನ್ನೊಂದಿಗೆ ಮಾತನಾಡುವುದಿಲ್ಲ. ಅದರಿಂದ ನನ್ನ ನಿದ್ರೆ ಎಂದೂ ಕೆಟ್ಟಿಲ್ಲ.

ನಿನ್ನೆ ನಾವು ಹೊರಟದ್ದು ಅವನಿಗೆ ಹೆಣ್ಣು ನೋಡಲು. ಅವನ ಹೃದಯದ ವಿಷಯವನ್ನು ನಾನೇ ಹೇಳಬೇಕಾದೀತೆಂದು ದಾರಿಯುದ್ದಕ್ಕೂ ನಾನು ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಉಪ್ಪಿಟ್ಟು ಬರುವ ಮೊದಲೇ ಮಂಜುನಾಥ ತಾನೇ ಆರಂಭಿಸಿದನು: “ನಂಗೆ ಹಾರ್ಟ್ ವಾಲ್ವ್ ತೊಂದ್ರೆ ಇದೆ. ಮಾತ್ರೆ ತಗೋತೀನಿ. ಒಂದ್ಸಲ ಅಮಲಿನ ಅಣಬೆ ತಿಂದು ಸಾಯೋ ಹಂಗಾಗಿದ್ದೆ.”

ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದ ಹುಡುಗಿ ಬಾಗಿಲಲ್ಲೇ ನಿಂತು, ಅವನನ್ನೇ ಕೇಳಿದಳು:

“ಕಾಫಿ ಕುಡೀಬೋದಾ ನೀವು, ಇಲ್ಲ ಹಾಲು ತರ್ಲಾ?”